ತಿರುವಿನಲ್ಲಿ ಕೇಳಿಸುವ ಟೈರು

ಕಳೆದ ತಿಂಗಳು ಶಿವಮೊಗ್ಗದ ಟೈರ್ ಅಂಗಡಿಯೊಂದರಲ್ಲಿ ನಿಂತು ಹೊಸ ಟೈರಿನ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದೆ. ಅಂಗಡಿಯ ಭಾಯ್ ನಕ್ಕುಬಿಟ್ಟರು. "ನಿಮ್ಮ ಪಿ.ಟಿ. ಮೇಡಮ್ಮೂ ಹಿಂಗೇ ಒತ್ತಿ ಒತ್ತಿ ನೋಡ್ತಿದ್ರು. ಮಾವಿನಹಣ್ಣು ತಗೊಳ್ಳೋಕೆ ಬಂದಂಗೆ," ಎಂದರು. ನನಗೂ ನಗು ಬಂತು. ಆ ಮೇಡಂ ತೀರಿಹೋಗಿ ವರ್ಷದ ಮೇಲಾಯಿತು. ಅವರ ಎಲೆಕ್ಟ್ರಿಕ್ ಕಾರು ಈಗ ನನ್ನ ಮನೆ ಮುಂದೆ ನಿಲ್ಲುತ್ತದೆ. ಅವರ ಹೆಬ್ಬೆರಳಿನ ಚಾಳಿಯೂ ನನಗೆ ಅಂಟಿದೆ ಎಂಬುದು ಆವತ್ತೇ ಗೊತ್ತಾದದ್ದು.

ಭದ್ರಾವತಿಯ ಜನ್ನಾಪುರದ ಕಡೆಯ ಹೈಸ್ಕೂಲಿನಲ್ಲಿ ನಾನು ಹಿಂದಿ ಪಾಠ ಮಾಡುವವಳು, ಅವರು ದೈಹಿಕ ಶಿಕ್ಷಣದ ಶಿಕ್ಷಕಿ. ಇಬ್ಬರ ಮನೆಯೂ ಶಿವಮೊಗ್ಗದಲ್ಲಿ. ಅವರದು ಎತ್ತರದ ಒಣಕಲು ದೇಹ, ಕತ್ತಿನಲ್ಲಿ ಸದಾ ಸೀಟಿ, ಸೀರೆಯ ಕೆಳಗೆ ಕ್ಯಾನ್ವಾಸ್ ಶೂ. ಮದುವೆ ಮನೆಗೂ ಅದೇ ಶೂ. ಯಾರಾದರೂ ಓರೆಗಣ್ಣಲ್ಲಿ ನೋಡಿದರೆ, "ಊಟಕ್ಕೆ ಓಡಬೇಕಾಗುತ್ತೆ ಕಣ್ರೀ, ಎರಡನೇ ಪಂಕ್ತಿಗೆ ಹೋಳಿಗೆ ಉಳಿಯಲ್ಲ," ಎನ್ನುತ್ತಿದ್ದರು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಮಗುಚಿ ಅಟ್ಟೆ ನೋಡುವುದು. ಎಲ್ಲಿ ಸವೆದಿದೆ, ಎಷ್ಟು ಸವೆದಿದೆ, ಒತ್ತಿದರೆ ಎಷ್ಟು ತಗ್ಗುತ್ತದೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಒಳಗೆ ಬರುವ ಮುಂಚೆಯೇ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, "ನಿಮ್ಮ ಯಜಮಾನ್ರು ಎಡಗಾಲು ಎಳೀತಾರೆ. ಮಂಡಿ ತೋರಿಸಿ," ಎಂದು ತೀರ್ಪು ಕೊಟ್ಟರು. ನಮ್ಮವರಿಗೆ ಸಿಟ್ಟು ಬಂತು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಸಿಟ್ಟು ಇಳಿಯಿತು, ಮಂಡಿಯ ನೋವೂ ಇಳಿಯಿತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಶೂ ಹಿಮ್ಮಡಿ ಒಂದೇ ಪಕ್ಕಕ್ಕೆ ಸವೆದಿದ್ದನ್ನು ಕಂಡು ಅವಳ ಸೊಂಟದ ತೊಂದರೆ ಹಿಡಿದವರೂ ಅವರೇ. "ಬಾಯಿ ಸುಳ್ಳು ಹೇಳುತ್ತೆ, ಕಣ್ಣೂ ಹೇಳುತ್ತೆ. ಕಾಲಿಗೆ ಮಾತ್ರ ಸುಳ್ಳು ಬರಲ್ಲ," ಎನ್ನುವುದು ಅವರ ಮಾತು. ಹಾಗಂತ ಅವರು ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದಲ್ಲ. ತಪ್ಪಾದಾಗ ಒಪ್ಪಿಕೊಳ್ಳುವ ಪೈಕಿಯೂ ಅಲ್ಲ.

ಅವರು ಯಾರೋ ಬಳಸಿದ ಪುಟ್ಟ ಎಲೆಕ್ಟ್ರಿಕ್ ಕಾರನ್ನು ಕೊಂಡ ಮೇಲೆ ನಮ್ಮ ಬಸ್ ಪಾಸು ಮೂಲೆ ಸೇರಿತು. ಮುಂದಿನ ಸೀಟಿನಲ್ಲಿ ವಿಜ್ಞಾನದ ಮೇಷ್ಟ್ರು, ಹಿಂದೆ ನಾನು ಮತ್ತು ನನ್ನ ಟಿಫಿನ್ ಕ್ಯಾರಿಯರ್. ಮೇಡಂ ಒಂದು ಕಾಲದಲ್ಲಿ ನೂರು ಮೀಟರ್ ಓಟಗಾರ್ತಿ. ಸಿಗ್ನಲ್ಲು ಹಸಿರಾಗುವುದೇ ತಡ, ಕಾರು ಚಂಗನೆ ಜಿಗಿಯುತ್ತಿತ್ತು. ಎಲೆಕ್ಟ್ರಿಕ್ ಗಾಡಿಗೆ ಶಕ್ತಿಯೆಲ್ಲ ಒಂದೇ ಏಟಿಗೆ ಬರುತ್ತದಂತೆ. "ಮೇಡಂ, ಇದು ಜಿಲ್ಲಾ ಕ್ರೀಡಾಕೂಟ ಅಲ್ಲ. ಟೈರ್ ತಿಂದು ಹಾಕ್ತಿದೀರಿ," ಎಂದು ಮೇಷ್ಟ್ರು ಗೊಣಗುತ್ತಿದ್ದರು. "ನೀವು ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಟೈರ್ ವಿಚಾರ ನಂಗೆ ಬಿಡಿ," ಎಂದು ಇವರು ಇನ್ನಷ್ಟು ಒತ್ತುತ್ತಿದ್ದರು. ಹಿಂದೆ ಸಾಂಬಾರು ಚೆಲ್ಲಿಕೊಳ್ಳುತ್ತಿದ್ದವಳು ನಾನು.

ಆ ಕಾರಿನ ಮುಖ್ಯ ಕೆಲಸ ನಮ್ಮನ್ನು ಹೊರುವುದಾಗಿರಲಿಲ್ಲ. ಭಾನುವಾರ ಬಿಟ್ಟು ಭಾನುವಾರ ಅವರು ಆಯನೂರು, ರಿಪ್ಪನ್‌ಪೇಟೆ ಹಾದು ಹೊಸನಗರದ ಆಚೆ ಇದ್ದ ಗೆಳತಿಯ ಮನೆಗೆ ಹೋಗುತ್ತಿದ್ದರು. ಆಕೆಯೂ ಪಿ.ಟಿ. ಟೀಚರ್ ಆಗಿದ್ದವರು. ಇಬ್ಬರೂ ಒಟ್ಟಿಗೆ ತರಬೇತಿ ಪಡೆದವರು, ಒಂದೇ ತಂಡದಲ್ಲಿ ಓಡಿದವರು. ಸಕ್ಕರೆ ಕಾಯಿಲೆಯಿಂದ ಆಕೆಯ ಎರಡೂ ಕಣ್ಣು ಹೋಗಿ, ಈಗ ತಮ್ಮನ ಮನೆಯಲ್ಲಿದ್ದರು. ಮನೆ ಇರುವುದು ಲಾರಿ ಬಸ್ಸು ಓಡಾಡುವ ರಸ್ತೆಯ ಅಂಚಿನಲ್ಲಿ, ಪಕ್ಕದಲ್ಲೇ ತಮ್ಮನ ಹಿಟ್ಟಿನ ಗಿರಣಿ. ನಡೆಯಲು ಜಾಗವಿಲ್ಲ. ಇದ್ದರೂ ಆಕೆ ಬೇರೆ ಯಾರ ಕೈ ಹಿಡಿದೂ ನಡೆಯುತ್ತಿರಲಿಲ್ಲ. "ಎಲ್ರೂ ನನ್ನನ್ನ ಎಳೀತಾರೆ. ಇವಳೊಬ್ಬಳೇ ಜೊತೆಗೆ ನಡೆಯೋದು," ಎನ್ನುತ್ತಿದ್ದರಂತೆ. ಮೇಡಂ ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ಲಿನ ಹೈಸ್ಕೂಲ್ ಮೈದಾನಕ್ಕೆ ಕರೆದೊಯ್ದು, ಬಿಸಿಲೇರುವವರೆಗೆ ಸುತ್ತು ಹಾಕಿಸಿ ಬರುತ್ತಿದ್ದರು. ಇವರು ಹೋಗದಿದ್ದರೆ ಆಕೆ ಅಂಗಳಕ್ಕೂ ಇಳಿಯುತ್ತಿರಲಿಲ್ಲ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗೆಳತಿ ಜಗಲಿಯ ಮೇಲೆ ಶೂ ಲೇಸು ಬಿಗಿದು ಸಿದ್ಧರಾಗಿ ಕೂತಿದ್ದರು. ರಸ್ತೆಯಲ್ಲಿ ಹೋಗುವ ಬಸ್ಸು, ಹಾಲಿನ ವ್ಯಾನು, ಪಕ್ಕದವರ ಬೈಕು ಎಲ್ಲವನ್ನೂ ಸದ್ದಿನಿಂದಲೇ ಗುರುತಿಸುವ ಆಕೆಗೆ ನಮ್ಮ ಕಾರು ಗೇಟಿಗೆ ಬಂದು ನಿಂತಿದ್ದು ಗೊತ್ತೇ ಆಗಲಿಲ್ಲ. ಮೇಡಂ ಹತ್ತಿರ ಹೋಗಿ ಭುಜ ಮುಟ್ಟಿದಾಗ ಬೆಚ್ಚಿಬಿದ್ದರು. "ಕಳ್ಳ ಬೆಕ್ಕಿನ ಹಂಗೆ ಬರ್ತೀಯಲ್ಲೇ ಮಾರಾಯ್ತಿ!" ಎಂದು ಬೈದರು. ಮೇಡಂಗೆ ಅದು ತಮ್ಮ ಕಾರಿಗೆ ಸಿಕ್ಕ ಹೊಗಳಿಕೆ.

ಹೋಗಿಬರುವ ದಾರಿಗೆ ಕಾರಿನ ಚಾರ್ಜು ಸರಿಯಾಗಿ ಸಾಲುತ್ತಿತ್ತು. ಸಾಲುತ್ತಿತ್ತು ಅಷ್ಟೇ, ಉಳಿಯುತ್ತಿರಲಿಲ್ಲ. ದಾರಿಯಲ್ಲಿ ಚಾರ್ಜು ಮಾಡುವ ಜಾಗವೂ ಆಗ ಇರಲಿಲ್ಲ. ಗೆಳತಿಯ ಮನೆಯಲ್ಲಿ ಪ್ಲಗ್ ಹಾಕಿದರೆ, ಗಿರಣಿ ಶುರುವಾದ ಕೂಡಲೇ ಫ್ಯೂಸು ಹೋಗುತ್ತಿತ್ತು.

ಹೀಗಿರುವಾಗ ಟೈರು ಸವೆದವು. ಮಳೆಗಾಲದ ಶುರುವಿನಲ್ಲಿ ಮಾಚೇನಹಳ್ಳಿಯ ಹತ್ತಿರ, ಫ್ಯಾಕ್ಟರಿ ಲಾರಿಗಳು ಎಣ್ಣೆ ಚೆಲ್ಲಿದ ಒದ್ದೆ ರಸ್ತೆಯಲ್ಲಿ ಕಾರು ಜಾರಿ ಅರ್ಧ ತಿರುಗಿ ನಿಂತಿತು. ಮೇಷ್ಟ್ರು ಯಾವ ದೇವರನ್ನು ಕರೆದರೋ ನನಗೆ ನೆನಪಿಲ್ಲ, ನಾನಂತೂ ಎಲ್ಲರನ್ನೂ ಕರೆದೆ. ಮೇಡಂ ಕೆಳಗಿಳಿದು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಚಪ್ಪಲಿ ಅಟ್ಟೆ ನೋಡುವ ಹಾಗೆಯೇ ನೋಡಿದರು. "ಹ್ಞೂಂ. ನುಣ್ಣಗಾಗಿದೆ. ಇವತ್ತೇ ಬದಲಾಯಿಸೋಣ," ಎಂದರು.

ಸಂಜೆ ಮೂವರೂ ಟೈರ್ ಅಂಗಡಿಗೆ ಹೋದೆವು. ಮೇಷ್ಟ್ರ ವಾದ ಸ್ಪಷ್ಟವಾಗಿತ್ತು. ಕಾರಿನ ಜೊತೆ ಬಂದದ್ದು ಎಲೆಕ್ಟ್ರಿಕ್ ಗಾಡಿಗೆಂದೇ ಮಾಡಿದ, ಹಗುರವಾಗಿ ಉರುಳುವ ಟೈರು. ಅದನ್ನೇ ಹಾಕಿಸಬೇಕು, ಇಲ್ಲದಿದ್ದರೆ ಚಾರ್ಜು ಬೇಗ ಇಳಿಯುತ್ತದೆ. ಭಾಯ್ ಹೇಳಿದರು: "ಆ ಮಾಲು ಬೆಂಗಳೂರಿಂದ ತರಿಸಬೇಕು ಸರ್, ಟೈಮ್ ಆಗುತ್ತೆ. ಇದು ನೋಡಿ, ಏಕ್‌ದಂ ಮಜಬೂತ್. ಮಳೇಲಿ ಹಿಡಿದ್ರೆ ಬಿಡಲ್ಲ." ಅವರು ಉರುಳಿಸಿ ತಂದ ಟೈರಿಗೆ ಆಳವಾದ ಗೀರುಗಳು, ದಪ್ಪ ದಪ್ಪ ಹಲ್ಲು. ಮೇಡಂ ಹೆಬ್ಬೆರಳು ಒತ್ತಿದರು. ರಬ್ಬರು ಮೆತ್ತಗೆ ತಗ್ಗಿತು.

"ಇದೇ ಇರ್ಲಿ."

"ಮೇಡಂ, ಮೆತ್ತಗಿದ್ದಷ್ಟೂ ನೆಲಕ್ಕೆ ಅಂಟುತ್ತೆ. ಅಂಟಿದಷ್ಟೂ ಬ್ಯಾಟರಿ ಎಳೆಯುತ್ತೆ. ಹತ್ತಕ್ಕೆ ಒಂದು ಪಾಲಾದ್ರೂ ರೇಂಜ್, ಅಂದ್ರೆ ಓಡೋ ದೂರ, ಹೋಗುತ್ತೆ," ಎಂದರು ಮೇಷ್ಟ್ರು.

"ನಾನು ಜನ್ಮವೆಲ್ಲ ಶೂ ನೋಡ್ಕೊಂಡು ಬಂದಿದೀನಿ. ಮೆತ್ತಗಿರೋ ಅಟ್ಟೆ ಹಾಕ್ಕೊಂಡ್ರೆ ಓಡೋನಿಗೆ ಆಯಾಸ ಕಮ್ಮಿ."

"ಕಾರು ಓಡಲ್ಲ ಮೇಡಂ, ಉರುಳುತ್ತೆ!"

ವಾದ ಸೋಲುವಂತಾದರೆ ಮೇಡಂ ಸೀಟಿ ಊದುತ್ತಿದ್ದರು. ಅಂಗಡಿಯಲ್ಲೇ ಊದಿದರು. ವಾದ ಮುಗಿಯಿತು.

ಹೊಸ ಟೈರು ನೆಲವನ್ನೇನೋ ಗಟ್ಟಿಯಾಗಿ ಹಿಡಿಯಿತು. ಜೊತೆಗೆ ಹೂಂ ಎಂದು ಗುಂಯ್‌ಗುಡತೊಡಗಿತು. ಪೆಟ್ರೋಲ್ ಕಾರಾಗಿದ್ದರೆ ಇಂಜಿನ್ನಿನ ಗದ್ದಲದಲ್ಲಿ ಕೇಳುತ್ತಿರಲಿಲ್ಲವೇನೋ, ಈ ಮೌನಿ ಗಾಡಿಯಲ್ಲಿ ಅದೊಂದೇ ಸದ್ದು. ಮೇಷ್ಟ್ರು ಹೇಳಿದಂತೆ ಚಾರ್ಜೂ ದಡದಡ ಇಳಿಯಿತು. ಮೇಡಂ ಮಾತ್ರ ಟೈರಿನ ಮೇಲೆ ತಪ್ಪು ಬರಲು ಬಿಡಲಿಲ್ಲ. ಮೊದಲು ಎದುರುಗಾಳಿ ಎಂದರು. ಆಮೇಲೆ ಬ್ಯಾಟರಿಗೆ ಥಂಡಿ ಎಂದರು. ಕೊನೆಗೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ನೀವು ದಪ್ಪ ಆಗಿದೀರಿ," ಎಂದರು. ಮಾರನೆಯ ದಿನದಿಂದ ಮೇಷ್ಟ್ರ ಪ್ರಾಕ್ಟಿಕಲ್ ರೆಕಾರ್ಡುಗಳು ಶಾಲೆಯಲ್ಲೇ ಉಳಿದವು, ನನ್ನ ಕ್ಯಾರಿಯರಿನ ಒಂದು ಡಬ್ಬಿ ಕಮ್ಮಿಯಾಯಿತು. ಒಂದು ಡಬ್ಬಿ ಮೊಸರನ್ನಕ್ಕೆ ಎಷ್ಟು ಕರೆಂಟು ಹಿಡಿಯುತ್ತದೆ ಎಂದು ಮೇಷ್ಟ್ರು ಗಂಭೀರವಾಗಿ ಲೆಕ್ಕ ಹಾಕಿ ತೋರಿಸಿದರೂ ಪ್ರಯೋಜನವಾಗಲಿಲ್ಲ.

ಹೊಸ ಟೈರಿನ ಮೊದಲ ಭಾನುವಾರ ನಾನೂ ಹೊರಟೆ, ಬುತ್ತಿ ತರಬಾರದು ಎಂಬ ಷರತ್ತಿನ ಮೇಲೆ. ದಾರಿಯುದ್ದಕ್ಕೂ ಮೇಡಂ ಕಣ್ಣು ಚಾರ್ಜಿನ ಅಂಕಿಯ ಮೇಲೆ. ಗೆಳತಿಯ ಮನೆ ತಲುಪಿದಾಗ ಒಂದು ಸಂಗತಿ ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ಕಾರು ನಿಲ್ಲುವ ಮುಂಚೆಯೇ ಗೆಳತಿ ಜಗಲಿ ಇಳಿದು, ಗೇಟಿನ ಹತ್ತಿರ ಕೈ ಮುಂದೆ ಚಾಚಿ ನಿಂತಿದ್ದರು.

ವಾಪಸು ಬರುವಾಗ ಆಯನೂರಿನ ಹತ್ತಿರ ಚಾರ್ಜು ತಳ ಕಂಡು ಕಾರು ಮಂದವಾಯಿತು. ಮೀಟರಿನಲ್ಲಿ ಅದುವರೆಗೆ ಕಾಣದ ಆಮೆಯ ಚಿತ್ರವೊಂದು ಮೂಡಿತು. "ನೋಡ್ರೀ, ನೋಡ್ರೀ! ನನ್ನನ್ನ ಆಮೆ ಅಂತಿದೆ ಇದು!" ಎಂದು ಮೇಡಂ ಕೂಗಿದರು. ಅಷ್ಟು ಅವಮಾನ ಅವರಿಗೆ ಸೋತ ಯಾವ ಪಂದ್ಯದಲ್ಲೂ ಆಗಿರಲಾರದು. ತೆವಳಿಕೊಂಡು ಹೋಗಿ ರಸ್ತೆ ಬದಿಯ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆವು. ಹೋಟೆಲಿನ ಯಜಮಾನ ಗ್ರೈಂಡರಿನ ಪ್ಲಗ್ ಕಿತ್ತು, ಆ ಜಾಗ ನಮಗೆ ಬಿಟ್ಟುಕೊಟ್ಟ. "ಸಂಜೆ ದೋಸೆ ಹಿಟ್ಟು ರುಬ್ಬಬೇಕು ಮೇಡಂ. ಅಷ್ಟರೊಳಗೆ ಎಷ್ಟು ಕುಡಿಯುತ್ತೋ ಕುಡೀಲಿ," ಎಂದ.

ಕಾರು ಕುಡಿಯುವಷ್ಟು ಹೊತ್ತೂ ನಾವು ಬೆಂಚಿನ ಮೇಲೆ ಕೂತಿದ್ದೆವು. ಆವತ್ತು ಅವರು ಸೀಟಿ ಮುಟ್ಟಲಿಲ್ಲ. "ಮೇಷ್ಟ್ರು ಹೇಳಿದ್ದು ಸರಿ. ಅವರಿಗೆ ಹೇಳ್ಬೇಡಿ," ಎಂದರು. "ಇನ್ನು ಎರಡು ವಾರಕ್ಕೆ ನಾನು ಬರ್ತೀನಿ ಅಂತ ಅವಳು ಶೂ ಹಾಕ್ಕೊಂಡು ಕೂತಿರ್ತಾಳೆ. ಬರದೇ ಇದ್ರೆ ಬಿಚ್ಚಿ ಒಳಗೆ ಹೋಗ್ತಾಳೆ. ಒಂದ್ಸಲ ನಡಿಗೆ ಬಿಟ್ಟೋರು ಮತ್ತೆ ಏಳಲ್ಲ ಕಣ್ರೀ, ನಾನು ನೋಡಿದೀನಿ."

ಮಾರನೆಯ ದಿನ ಬೆಂಗಳೂರಿನಿಂದ ಆ ಹಗುರ ಟೈರು ತರಿಸಲು ಭಾಯ್‌ಗೆ ಹೇಳಿ ಬಂದರು. ಮೇಷ್ಟ್ರಿಗೆ ಸುದ್ದಿ ತಾನಾಗಿಯೇ ತಿಳಿಯಿತು. ಆ ವಾರವೆಲ್ಲ ಅವರು ಮುಂದಿನ ಸೀಟಿನಲ್ಲಿ ಎದೆಯುಬ್ಬಿಸಿ ಕೂತಿದ್ದರು.

ಟೈರು ಬರುವ ಮುಂಚೆ ಇನ್ನೊಂದು ಭಾನುವಾರ ಬಂತು. ಆವತ್ತು ಗೆಳತಿಯ ತಮ್ಮ ನಮಗಾಗಿ ಗಿರಣಿ ನಿಲ್ಲಿಸಿ ಕಾರಿಗೆ ಪ್ಲಗ್ ಹಾಕಿಸಿದರು. ಜೋಳ, ಗೋಧಿ ಚೀಲ ಹೊತ್ತು ಬಂದವರು ಬಾಗಿಲಲ್ಲಿ ಕಾದು ಕೂತು ನಮ್ಮನ್ನು ಗುರಾಯಿಸಿದರು. ಕಾರು ಅಲ್ಲೇ ಬಿಟ್ಟು, ಗಿರಣಿಯ ಚೀಲ ಸಾಗಿಸುವ ತಮ್ಮನ ಆಟೋದಲ್ಲಿ ಮೈದಾನಕ್ಕೆ ಹೋದೆವು. ಗೆಳತಿಯರಿಬ್ಬರೂ ಕೈ ಹಿಡಿದು ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ.

"ಇದೊಂದು ಸಲ ಅಷ್ಟೇ ಕಣೇ. ಹೊಸಾ ಟೈರ್ ಬಂದ್ರೆ ಗಿರಣಿ ನಿಲ್ಸೋ ತಾಪತ್ರಯ ಇಲ್ಲ. ಈ ದರಿದ್ರ ಸದ್ದೂ ಇರಲ್ಲ," ಎಂದರು ಮೇಡಂ.

ಗೆಳತಿ ನಿಂತುಬಿಟ್ಟರು. "ಸದ್ದು ಇರಲ್ವಾ?"

"ಇರಲ್ಲ. ಮೊದಲಿನ ಹಂಗೆ."

"ಅಯ್ಯೋ, ಅದೊಂದು ಇರ್ಲಿ ಕಣೇ. ಈಗ ನೀನು ಬರೋದು ಆ ತಿರುವಲ್ಲೇ ಗೊತ್ತಾಗುತ್ತೆ. ಹೂಂ ಅಂತ ಬರ್ತೀಯ. ಎದ್ದು, ಸೀರೆ ಸರಿ ಮಾಡ್ಕೊಂಡು, ನಾನೇ ಗೇಟಿನ ತನಕ ಬರೋಷ್ಟು ಟೈಮ್ ಸಿಗುತ್ತೆ. ಮೊದಲು ನೀನು ಬಂದು ಮುಟ್ಟೋ ತನಕ ಕುರುಡಿ ಹಂಗೆ ಕೂತಿರ್ತಿದ್ದೆ."

ಮೇಡಂ ಹಿಡಿದ ಕೈಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡು, "ನಡಿ ನಡಿ, ನಿಂತ್ಕೊಂಡ್ರೆ ಸಕ್ಕರೆ ಕರಗಲ್ಲ," ಎಂದು ಮುಂದೆ ನಡೆದರು.

ಸೋಮವಾರ ಟೈರಿನ ಆರ್ಡರ್ ಬೇಡವೆಂದು ಹೇಳಿಬಿಟ್ಟರು. ಮೇಷ್ಟ್ರು ಕೆಂಡವಾದರು. "ವಿಜ್ಞಾನಕ್ಕೆ ಬೆಲೆಯೇ ಇಲ್ವಾ?" ಎಂದು ಮಾಚೇನಹಳ್ಳಿಯಿಂದ ಜನ್ನಾಪುರದವರೆಗೂ ಕೇಳಿದರು. ಮೇಡಂ ಕಾರಣ ಹೇಳಲಿಲ್ಲ, ನೀವೂ ಹೇಳಬೇಡಿ ಎಂದು ನನ್ನತ್ತ ಕಣ್ಣು ಬಿಟ್ಟರು. ಆದರೆ ಆವತ್ತಿನಿಂದ ಅವರು ಓಡಿಸುವ ರೀತಿಯೇ ಬದಲಾಯಿತು. ಎರಡು ದಿನಕ್ಕೊಮ್ಮೆ ಗಾಳಿ ನೋಡಿಸಿ, ಇರಬೇಕಾದುದಕ್ಕಿಂತ ಚೂರೂ ಕಡಿಮೆಯಾಗಲು ಬಿಡುತ್ತಿರಲಿಲ್ಲ. ಸಿಗ್ನಲ್ಲು ಹಸಿರಾದರೆ ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ಹೊರಡುತ್ತಿದ್ದರು. ಏರು ಬರುವ ಮುಂಚೆಯೇ ಲೆಕ್ಕ ಹಾಕಿ, ಇಳಿಜಾರಿನಲ್ಲಿ ಕಾಲು ತೆಗೆದು, ಎತ್ತಿನಗಾಡಿಯವನಿಗಿಂತ ತಾಳ್ಮೆಯಿಂದ ಓಡಿಸತೊಡಗಿದರು. ಹಿಂದಿನಿಂದ ಆಟೋದವರು ಹಾರ್ನ್ ಹೊಡೆದರೆ, "ಹೋಗಪ್ಪಾ, ನೀನೇ ಫಸ್ಟು," ಎಂದು ದಾರಿ ಬಿಡುತ್ತಿದ್ದರು. ಜೀವಮಾನವಿಡೀ ಎರಡನೆಯವಳಾಗಲು ಒಪ್ಪದ ಹೆಂಗಸು! ಹಾಗೆ ಓಡಿಸಿ ಗೆಳತಿಯ ಊರಿಗೆ ಹೋಗಿ ಬರುವಷ್ಟು ಚಾರ್ಜು ಉಳಿಸಿದರು. ಎಷ್ಟೋ ಸಲ ವಾಪಸು ತಮ್ಮ ಮನೆ ಗೇಟಿನಲ್ಲಿ ಆಮೆ ಮೂಡಿಯೇ ಮೂಡುತ್ತಿತ್ತು. "ಬಂತು ನೋಡ್ರೀ ನಮ್ಮ ಆಮೆ," ಎಂದು ಈಗ ನಗುತ್ತಿದ್ದರು.

ನನಗೆ ಕಾರು ಕಲಿಸಿದ್ದೂ ಆ ದಿನಗಳಲ್ಲೇ. ಮಾಚೇನಹಳ್ಳಿಯ ಹತ್ತಿರ ಒಂದು ದಿನ ಏಕಾಏಕಿ ಇಳಿದು, "ಲೈಸೆನ್ಸ್ ಇಟ್ಕೊಂಡು ಪೂಜೆ ಮಾಡ್ತೀರಾ? ಬನ್ನಿ ಮುಂದೆ," ಎಂದರು. ನಾನು ಒತ್ತಿದರೆ ಬೈಯುತ್ತಿದ್ದರು, ಒತ್ತದಿದ್ದರೂ ಬೈಯುತ್ತಿದ್ದರು. ಮುಂದೇನು ಕಾದಿದೆ ಎಂದು ಅವರಿಗೆ ಗೊತ್ತಿತ್ತು ಎಂದೇನೂ ನಾನು ಹೇಳುವುದಿಲ್ಲ. ಅವರಿಗೆ ಪಕ್ಕದ ಸೀಟಿನಲ್ಲಿ ಕೂತು ಕಡಲೆಕಾಯಿ ತಿನ್ನುವ ಆಸೆಯಿತ್ತು, ಅಷ್ಟೇ.

ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಮೇಡಂ ಶಿವಮೊಗ್ಗದ ಮೈದಾನವೊಂದರಲ್ಲಿ ಒಬ್ಬರೇ ನಡೆದು ಮುಗಿಸಿ, ಕಲ್ಲುಬೆಂಚಿನ ಮೇಲೆ ಕೂತವರು ಏಳಲಿಲ್ಲ. ಹೃದಯ ನಿಂತಿತ್ತು. ಶೂ ಲೇಸು ಬಿಗಿಯಾಗಿಯೇ ಇತ್ತು. ಮಣ್ಣು ಮಾಡಿ ಬಂದ ಸಂಜೆ ನಾನು ಮೇಷ್ಟ್ರಿಗೆ ಟೈರಿನ ಕಾರಣ ಹೇಳಿದೆ. "ಇಷ್ಟು ದಿನ ನನ್ನ ಹತ್ರ ಸುಮ್ನೆ ಬೈಸ್ಕೊಂಡ್ರಲ್ರೀ," ಎಂದು ಅವರು ಕನ್ನಡಕ ತೆಗೆದರು.

ಮೇಡಂ ಅವರ ಅಣ್ಣನಿಂದ ಆ ಕಾರನ್ನು ನಾನು ಕೊಂಡೆ. ಮನೆಯವರಿಗೆ ಹಳೆಯ ಕಾರು ಏಕೆ ಎಂದು ಅರ್ಥವಾಗಲಿಲ್ಲ, ನಾನೂ ಅರ್ಥ ಮಾಡಿಸಲು ಹೋಗಲಿಲ್ಲ. ಮುಂದಿನ ಭಾನುವಾರ ಒಬ್ಬಳೇ ಹೊರಟೆ. ಫೋನು ಮಾಡಿ ಬರುತ್ತೇನೆಂದು ಗೆಳತಿಗೆ ಹೇಳಿದ್ದೆ. ಕೊನೆಯ ತಿರುವು ಬಂದಾಗ ಟೈರು ತನ್ನ ಪಾಡಿಗೆ ಹೂಂ ಎಂದಿತು. ನೋಡುತ್ತೇನೆ, ಆಕೆ ಗೇಟಿನಲ್ಲಿ ನಿಂತಿದ್ದಾರೆ, ಕೈ ಮುಂದಿದೆ, ಮುಖವೆಲ್ಲ ಒದ್ದೆ.

"ಅವಳಲ್ಲ ಅಂತ ನಂಗೊತ್ತು ಮೇಡಂ," ಎಂದರು. "ಸದ್ದು ಕೇಳ್ತು, ಕಾಲು ಎದ್ದು ನಿಂತ್ವು. ನಾನೇನು ಮಾಡ್ಲಿ?"

ಆ ಕೈ ಹಿಡಿದೆ. ಮೈದಾನದಲ್ಲಿ ನಾನು ಅವರನ್ನು ಎಳೆಯಲಿಲ್ಲ. ಎಳೆಯುವ ಶಕ್ತಿಯೂ ನನಗಿಲ್ಲ, ಅರ್ಧ ಸುತ್ತಿಗೇ ಅವರೇ ನನ್ನನ್ನು ಎಳೆದರು. ಅದಾದ ಮೇಲೆ ಒಂದು ಭಾನುವಾರವನ್ನೂ ತಪ್ಪಿಸಿಲ್ಲ.

ಈಗ ಆ ಟೈರುಗಳೂ ಸವೆದವು. ಅದಕ್ಕೇ ಕಳೆದ ತಿಂಗಳು ಅಂಗಡಿಯಲ್ಲಿ ನಿಂತದ್ದು. ಭಾಯ್ ಹೊಸ ಮಾಲು ತೋರಿಸಿದರು. "ಇ.ವಿ.ಗೇ ಅಂತ ಬಂದಿರೋದು ಮೇಡಂ. ರೇಂಜ್ ಜಾಸ್ತಿ. ಒಳಗೆ ಕೂತ್ರೆ ಸೊಳ್ಳೆ ಹಾಡೋದೂ ಕೇಳುತ್ತೆ, ಅಷ್ಟು ಸೈಲೆಂಟು."

"ಅದು ಬೇಡ. ಆ ಮೇಡಂ ಹಾಕಿಸಿದ್ರಲ್ಲ, ಅದೇ ಕೊಡಿ."

"ಅದು ಬರೋದೇ ನಿಂತುಹೋಯ್ತಲ್ಲ."

"ಹಂಗಾದ್ರೆ ಸದ್ದು ಮಾಡೋ ಟೈರ್ ಯಾವುದಿದೆ?" ಎಂದೆ.

ಭಾಯ್ ನನ್ನನ್ನೇ ನೋಡಿದರು. "ಸದ್ದು ಜಾಸ್ತಿ ಅಂತ ಜಗಳಕ್ಕೆ ಬರೋರನ್ನ ನೋಡಿದೀನಿ. ಸದ್ದು ಬೇಕು ಅಂತ ಬಂದೋರು ನೀವೇ ಮೊದಲು," ಎಂದರು. ಕಾರಣ ಹೇಳಿದೆ. ಅವರು ಒಳಗೆ ಹೋಗಿ, ಇದ್ದುದರಲ್ಲೇ ದಪ್ಪ ಹಲ್ಲಿನ ಟೈರನ್ನು ಉರುಳಿಸಿಕೊಂಡು ಬಂದರು. ಒತ್ತಿ ನೋಡಿದೆ. ಮೆತ್ತಗೆ ತಗ್ಗಿತು.

ಆ ಭಾನುವಾರ ಆಯನೂರು ದಾಟುವಾಗಲೇ ನನಗೆ ಹೆದರಿಕೆ ಶುರುವಾಯಿತು. ಸದ್ದು ಇತ್ತು, ಆದರೆ ಅದೇ ಸದ್ದಲ್ಲ. ಮೊದಲಿನಷ್ಟು ದಪ್ಪವಿಲ್ಲ, ಒಂದು ಎಳೆ ಸಣ್ಣ. ಗಾಜು ಇಳಿಸಿದೆ, ಏರಿಸಿದೆ. ಆಕೆ ಜಗಲಿಯಲ್ಲೇ ಕೂತಿದ್ದರೆ? ನಾನು ಹತ್ತಿರ ಹೋಗಿ ಭುಜ ಮುಟ್ಟಬೇಕಾಗಿ ಬಂದರೆ? ರಿಪ್ಪನ್‌ಪೇಟೆ ಹೋಯಿತು, ಹೊಸನಗರವೂ ಹೋಯಿತು. ಕೊನೆಯ ತಿರುವನ್ನು ಮೆಲ್ಲಗೆ ತೆಗೆದುಕೊಂಡೆ.

ಜಗಲಿ ಖಾಲಿಯಿತ್ತು. ಆಕೆ ಶೂ ಹಾಕಿಕೊಂಡು ಗೇಟಿನಲ್ಲಿ ನಿಂತು, ತಲೆ ಒಂದು ಪಕ್ಕಕ್ಕೆ ವಾಲಿಸಿ ನಗುತ್ತಿದ್ದರು.

"ಏನ್ ಮೇಡಂ, ಹೊಸಾ ಶೂ ಹಾಕಿಸಿದೀರಾ ಗಾಡಿಗೆ?"

"ಹೂಂ. ನಾನೇ ಅಂತ ಎಲ್ಲಿ ಗೊತ್ತಾಯ್ತು?"

"ತಿರುವಲ್ಲೇ," ಎಂದು ಕೈ ಚಾಚಿದರು.